ಎಡಗಡೆಯ ಹಿಂದಿನ ಟೈರು

ಆ ವರ್ಷ ರೇಸಿನ ಕಾರುಗಳಿಗೆ ಟೈರು ಒದಗಿಸುತ್ತಿದ್ದವು ಎರಡೇ ಕಂಪನಿಗಳು. ಒಂದರವರು ಕೆಂಪು ಟೋಪಿ ಹಾಕುತ್ತಿದ್ದರು, ಇನ್ನೊಂದರವರು ನೀಲಿ. ಕೆಂಪು ಟೋಪಿಯವರ ಮೇಸ್ತ್ರಿಯೂ ನೀಲಿ ಟೋಪಿಯವರ ಮೇಸ್ತ್ರಿಯೂ ಒಂದೇ ಕಟ್ಟಡದಲ್ಲಿ ವಾಸವಾಗಿದ್ದರು, ಒಬ್ಬ ಮೇಲಿನ ಮಹಡಿ, ಇನ್ನೊಬ್ಬ ಕೆಳಗಿನದು. ನೀಲಿಯವನು ಕೆಂಪಿನವನ ಅಕ್ಕನ ಗಂಡ. ಹತ್ತೊಂಬತ್ತು ವರ್ಷಕ್ಕೆ ಯಾವ ಕೆಲಸದಲ್ಲೂ ನಿಲ್ಲದೆ ಅಲೆಯುತ್ತಿದ್ದ ಭಾವಮೈದುನನನ್ನು ಲಾರಿ ಟೈರಿನ ಅಂಗಡಿಗೆ ಎಳೆದುಕೊಂಡು ಹೋಗಿ, ಲಿವರ್ ಹಿಡಿಯುವುದು ಹೇಗೆ, ರಿಮ್ಮಿಗೆ ಗೀರು ಬೀಳದಂತೆ ಟೈರು ಬಿಚ್ಚುವುದು ಹೇಗೆ ಎಂದು ಕಲಿಸಿದವನು ಆ ಭಾವನೇ.

ಕೆಂಪಿನವರ ಮೇಸ್ತ್ರಿ ಅವನನ್ನು ಹಾಗೆ ಕರೆಯುತ್ತಿದ್ದುದು ಕೇಳಿ ಕೇಳಿ ಇಡೀ ರೇಸಿನ ಬಯಲೇ ಅವನನ್ನು 'ಭಾವ' ಎನ್ನತೊಡಗಿತ್ತು. ಚಾಲಕರು, ಗೇಟಿನ ಕಾವಲುಗಾರರು, ಟಿಕೆಟ್ ಕಿಟಕಿಯ ಹೆಂಗಸರು, ಎಲ್ಲರಿಗೂ ಅವನು ಭಾವ. "ನಿಮ್ಮ ಲೆಕ್ಕದಲ್ಲಿ ನಾನು ಎಲ್ರಿಗೂ ಅಕ್ಕ ಆಗ್ಬೇಕು. ಒಬ್ಬ ತಮ್ಮನನ್ನ ಸಾಕಿದ್ದೇ ಸಾಕಾಗಿದೆ ನನಗೆ" ಎಂದು ಅಕ್ಕ ಗೊಣಗುತ್ತಿದ್ದಳು. ಅಕ್ಕ ಸಿಟಿ ಬಸ್ಸಿನ ಡ್ರೈವರ್. ಅವಳ ದನಿ ಎಷ್ಟು ಜೋರೆಂದರೆ, ಬಸ್ಸಿನ ಹಾರ್ನ್ ಕೆಟ್ಟರೂ ಡಿಪೋದವರು ರಿಪೇರಿಗೆ ಅವಸರ ಮಾಡುತ್ತಿರಲಿಲ್ಲ.

ವರ್ಷದ ನಡುವೆ ರೇಸ್ ಮಂಡಳಿ ಒಂದು ತೀರ್ಮಾನ ಹೊರಡಿಸಿತು. ಮುಂದಿನ ವರ್ಷದಿಂದ ಎಲ್ಲ ಕಾರುಗಳಿಗೂ ಒಂದೇ ಕಂಪನಿಯ ಟೈರು. ಎರಡರಲ್ಲಿ ಒಂದು ಉಳಿಯುತ್ತದೆ, ಇನ್ನೊಂದು ಮನೆಗೆ ಹೋಗುತ್ತದೆ. ನಿನ್ನೆವರೆಗೆ ಒಂದೇ ಬೆಂಕಿಪೆಟ್ಟಿಗೆಯಲ್ಲಿ ಸಿಗರೇಟು ಹಚ್ಚುತ್ತಿದ್ದವರು ಅಂದಿನಿಂದ ಮುಖ ತಿರುಗಿಸಿಕೊಂಡು ಓಡಾಡತೊಡಗಿದರು. ಒಂದು ರೇಸಿನಲ್ಲಿ ಯಾರೋ ನೀಲಿಯವರ ಗಾಳಿ ಪೈಪನ್ನು ಚಾಕುವಿನಿಂದ ಸೀಳಿದರು. ಇನ್ನೊಂದರಲ್ಲಿ ಒಬ್ಬ ಕೆಂಪಿನವನನ್ನು ಸ್ನಾನದ ಕೋಣೆಯಲ್ಲಿ ಹಿಡಿದು ಎರಡು ಹಲ್ಲು ಉದುರಿಸಿದರು. ಗೆಲ್ಲುತ್ತಿದ್ದವರು ಕೆಂಪಿನವರು. ಅವರ ಟೈರು ಹಗುರ, ಒಂದು ಸುತ್ತಿಗೆ ಅರ್ಧ ಸೆಕೆಂಡು ಬೇಗ.

"ನಿಮ್ಮವರು ಟೈರಿನ ಪಕ್ಕೆಯಿಂದ ಒಂದು ಪದರ ತೆಗೆದಿದಾರಂತಲ್ಲೋ" ಎಂದು ಭಾವ ಒಮ್ಮೆ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ.

"ಸೋತವರು ಹಾಗೇ ಹೇಳೋದು, ಭಾವ."

"ಸೋತಿದೀವಿ, ನಿಜ. ಕೈ ಹಾಕಿ ನೋಡ್ತಿದೀಯಾ ಒಳಗೆ?"

"ನೀವು ಕಲಿಸಿದ್ದನ್ನ ನಾನಿನ್ನೂ ಮರೆತಿಲ್ಲ" ಎಂದು ಮೇಸ್ತ್ರಿ ಮೇಲೆ ಹತ್ತಿ ಹೋದ.

ಒಳಗೆ ಕೈ ಹಾಕಿ ನೋಡುವುದೇ ಅವನ ದೊಡ್ಡ ವಿದ್ಯೆ. ಓಡಿ ಬಂದ ಟೈರನ್ನು ರಿಮ್ಮಿನಿಂದ ಬಿಚ್ಚಿ, ಕಣ್ಣು ಮುಚ್ಚಿ, ಒಳಗೋಡೆಯ ಉದ್ದಕ್ಕೂ ಬೆರಳಾಡಿಸಿದರೆ ಯಾವ ಕಡೆ ಭಾರ ಬಿದ್ದಿದೆ, ಎಲ್ಲಿ ಕಾದಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಆ ಶುಕ್ರವಾರದ ಅಭ್ಯಾಸ ಮುಗಿದ ಮೇಲೂ ಹಾಗೆಯೇ ನೋಡಿದ. ಆ ಬಯಲಿನ ಕೊನೆಯ ತಿರುವು ಉದ್ದನೆಯದು, ಬಾಣಲೆಯ ಅಂಚಿನಂತೆ ಓರೆಯಾಗಿ ಎದ್ದಿತ್ತು. ಅಲ್ಲಿ ಕಾರಿನ ತೂಕವೆಲ್ಲ ಎಡಗಡೆಯ ಹಿಂದಿನ ಟೈರಿನ ಮೇಲೆ ಕೂರುತ್ತಿತ್ತು. ಮೊದಲನೆಯ ಟೈರಿನಲ್ಲಿ ಬೆರಳಿಗೆ ಏನೋ ತಗುಲಿತು. ಮಡಿಸಿಟ್ಟ ಬಟ್ಟೆಯಲ್ಲಿ ಉಳಿಯುವ ಗೆರೆಯಂಥದ್ದು. ಎರಡನೆಯದರಲ್ಲೂ ಅದೇ ಜಾಗದಲ್ಲಿ ಅದೇ ಗೆರೆ. ಮೂರನೆಯದರಲ್ಲಿ ಗೆರೆ ಬಿರುಕಾಗಿ ಒಳಗಿನ ನೂಲು ಉಗುರಿಗೆ ಸಿಕ್ಕಿತು.

ತಪಾಸಣೆಯ ಹಾಳೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದು ಡೈರೆಕ್ಟರಿಗೆ ಕೊಟ್ಟ. ಡೈರೆಕ್ಟರ್ ಎಂದರೆ ಕೆಂಪು ಕಂಪನಿಯ ರೇಸ್ ವಿಭಾಗಕ್ಕೆಲ್ಲ ಯಜಮಾನ. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈರಿನ ಡೇರೆಯಲ್ಲಿ ಏನನ್ನೂ ಮುಟ್ಟದೆ ನಿಲ್ಲುವ ಮನುಷ್ಯ. ಅವನು ಹಾಳೆ ಓದಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ಇನ್ನೊಂದು ಹಾಳೆ ಬರಿ. ಸರಿಯಿದೆ ಅಂತ."

"ಸರ್, ನೂಲು ಕಾಣ್ತಿದೆ."

"ಗಾಳಿ ಎರಡು ಪಾಯಿಂಟ್ ಏರಿಸು. ಸಾಕು. ಫ್ಯಾಕ್ಟರಿಯಲ್ಲಿ ಎಷ್ಟು ಜನ ಇದಾರೆ ಗೊತ್ತಾ ನಿನಗೆ? ಎರಡು ರೇಸ್ ಉಳಿದಿದೆ. ಈಗ ಟೈರು ಸರಿ ಇಲ್ಲ ಅಂತ ನಾವೇ ಬರೆದು ಕೊಡೋಣ್ವಾ?"

ಮೇಸ್ತ್ರಿ ಇನ್ನೊಂದು ಹಾಳೆ ತೆಗೆದುಕೊಂಡು 'ಸರಿಯಿದೆ' ಎಂದು ಬರೆದು ಸಹಿ ಹಾಕಿದ. ಯಾರೂ ಅವನ ಕೈ ಹಿಡಿದು ಬರೆಸಲಿಲ್ಲ.

ಶನಿವಾರ ಬೆಳಿಗ್ಗೆ, ಭಾನುವಾರದ ರೇಸಿನ ಅರ್ಹತಾ ಸುತ್ತುಗಳಿಗೆ ಮುಂಚೆ, ನೀಲಿಯವರ ತಳ್ಳುಗಾಡಿಯೊಂದು ಕಾರುಗಳು ಹೊರಡುವ ಓಣಿಯಲ್ಲಿ ಮಗುಚಿಬಿತ್ತು. ಡಬ್ಬಿಗಟ್ಟಲೆ ಸ್ಕ್ರೂಗಳು ಚೆಲ್ಲಾಪಿಲ್ಲಿಯಾದವು. ಭಾವ ಮಂಡಿಯೂರಿ ಅಯಸ್ಕಾಂತದ ಕೋಲಿನಿಂದ ಒಂದೊಂದನ್ನೂ ಹೆಕ್ಕುತ್ತಿದ್ದರೆ ಕೆಂಪಿನವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗೂಳಿ. ಮೇಸ್ತ್ರಿಯ ಕೈಕೆಳಗಿನ ಆಳು ಅವನು, ಕಂಬದಂಥ ಕತ್ತು, ಚಕ್ರದ ನಟ್ಟು ಬಿಗಿಯುವ ಗಾಳಿ ಗನ್ನನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದ. ಗೂಳಿಗೆ ಜೀವವೆಂದರೆ ಕೆಂಪು ತಂಡದ ಚಾಲಕ ಗಿಡ್ಡ. ನಿಂತರೆ ಗೂಳಿಯ ಎದೆಗೂ ಬಾರದ ಗಿಡ್ಡನನ್ನು ಅವನು ಕಂಕುಳಿಗೆ ಕೈ ಕೊಟ್ಟು ಎತ್ತಿ ಕಾರಿನೊಳಗೆ ಕೂರಿಸುತ್ತಿದ್ದ. ಗಿಡ್ಡ, "ನಿಧಾನ ಮಾರಾಯ, ಮಗೂನ ತೊಟ್ಟಿಲಿಗೆ ಹಾಕಿದ ಹಾಗೆ ಹಾಕು" ಎನ್ನುತ್ತಿದ್ದ.

ಅಂದೂ ಹಾಗೇ ಕೂರಿಸಿದ. ಗಿಡ್ಡ ಹೆಲ್ಮೆಟ್ ಹಾಕಿಕೊಳ್ಳುವ ಮೊದಲು ಮೇಸ್ತ್ರಿಯತ್ತ ನೋಡಿ ಕೇಳಿದ:

"ಹೇಗಿದೆ ಮೇಸ್ತ್ರೀ ಟೈರು?"

"ಚೆನ್ನಾಗಿದೆ. ಹೋಗಿ ಬಾ."

ನಾಲ್ಕನೆಯ ಸುತ್ತಿನಲ್ಲಿ ಅದು ನಡೆಯಿತು. ಓರೆ ತಿರುವಿನ ನಡುವೆ ಫಿರಂಗಿ ಹಾರಿದಂಥ ಸದ್ದು. ಎಡಗಡೆಯ ಹಿಂದಿನ ಟೈರು ಸಿಡಿದು, ಅದರ ಪಟ್ಟಿ ಕಾರಿನ ಹಿಂಬದಿಯನ್ನು ಚಾಟಿಯಂತೆ ಬಾರಿಸಿತು. ಕಾರು ಮೂತಿ ತಿರುಗಿಸಿ ಮೇಲಿನ ಗೋಡೆಗೆ ಬಡಿಯಿತು, ಎಗರಿ ತಲೆಕೆಳಗಾಗಿ ಬೇಲಿಯ ಉಕ್ಕಿನ ಕಂಬಕ್ಕೆ ಅಪ್ಪಳಿಸಿತು. ಕಂಬ ಬಾಗಲಿಲ್ಲ. ಕಾರು ಎರಡು ತುಂಡಾಯಿತು. ಗಿಡ್ಡನಿದ್ದ ಮುಂದಿನ ತುಂಡು ಕಿಡಿ ಕಾರುತ್ತಾ ಇಳಿಜಾರಿನಲ್ಲಿ ಜಾರಿ ಬಂದು ಹುಲ್ಲಿನ ಮೇಲೆ ನಿಂತಿತು. ಗೂಳಿ ಓಡಿದ. ಬೆಂಕಿ ನಂದಿಸುವವರು ತಲುಪುವ ಮೊದಲೇ ತಲುಪಿ, ಕಾದ ಲೋಹಕ್ಕೆ ಬರಿಗೈ ಹಾಕಿ ತುಂಡನ್ನು ನೆಟ್ಟಗೆ ಮಾಡಲು ನೋಡಿದ. ಅವನ ಅಂಗೈ ಚರ್ಮ ಅಲ್ಲಿಗೇ ಅಂಟಿಕೊಂಡಿತು. ಎಂದಿನಂತೆ ಕಂಕುಳಿಗೆ ಕೈ ಕೊಟ್ಟು ಗಿಡ್ಡನನ್ನು ಎತ್ತಿದ. ಸೊಂಟದ ಕೆಳಗೆಲ್ಲ ಲೋಹದಡಿ ಜಜ್ಜಿ ಸಿಕ್ಕಿಕೊಂಡಿದೆ, ಮೇಲೆ ಬರುತ್ತಿಲ್ಲ ಎಂದು ಗೊತ್ತಾದಾಗ ಮತ್ತೆ ಮೆಲ್ಲಗೆ ಇಳಿಸಿ, ಅಲ್ಲೇ ಕುಕ್ಕರಿಸಿದ.

ಸಿಡಿದ ಟೈರಿನ ಅವಶೇಷವನ್ನು ಅಧಿಕಾರಿಗಳ ಗಾಡಿ ಕೆಂಪಿನವರ ಡೇರೆಗೆ ತಂದು ಹಾಕಿತು. ಅರ್ಧ ಗಂಟೆಯಲ್ಲಿ ತಪಾಸಣೆಯವರು ಬಂದು ಮುದ್ರೆ ಹಾಕುತ್ತಾರೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದು ಹೇಳಿ ಹೋದರು. ಡೈರೆಕ್ಟರ್ ಆಳುಗಳನ್ನೆಲ್ಲ ಹೊರಗೆ ಕಳಿಸಿ ಡೇರೆಯ ಪರದೆ ಎಳೆದ. ಒಳಗೆ ಉಳಿದವರು ಇಬ್ಬರೇ.

"ಪಕ್ಕೆ ಹರಿದಿದೆ ಸರ್. ನಿನ್ನೆ ನೋಡಿದ್ನಲ್ಲ, ಅದೇ ಜಾಗ" ಎಂದ ಮೇಸ್ತ್ರಿ.

"ನೀನು ನಿನ್ನೆ ಏನೂ ನೋಡಿಲ್ಲ. ಸರಿಯಿದೆ ಅಂತ ನೀನೇ ಸಹಿ ಹಾಕಿದೀಯ." ಡೈರೆಕ್ಟರ್ ಮೊದಲ ಸಲ ಒಂದು ಟೈರನ್ನು ಬೂಟಿನ ತುದಿಯಿಂದ ಮುಟ್ಟಿದ. "ಟ್ರ್ಯಾಕ್ ಮೇಲೆ ಏನೋ ಬಿದ್ದಿತ್ತು. ಅದು ಚುಚ್ಚಿಕೊಂಡು ಗಾಳಿ ಇಳೀತು. ಗಾಳಿ ಇಳಿದ್ರೆ ಎಂಥಾ ಟೈರಾದ್ರೂ ಹೋಗುತ್ತೆ. ಹಾಗೇ ಆಗಿದ್ದು. ಅರ್ಥ ಆಯ್ತಾ? ಆ ಹುಡುಗ ಬದುಕ್ತಾನೋ ಇಲ್ವೋ, ಅದು ಡಾಕ್ಟರ ಕೈಲಿದೆ. ನೀನು ಜೈಲಿಗೆ ಹೋಗೋದು ನಿನ್ನ ಕೈಲಿದೆ."

ಮೇಸ್ತ್ರಿಗೆ ಆ ಹೊತ್ತು ಗಿಡ್ಡನ ನೆನಪಾಗಲಿಲ್ಲ. ತನ್ನ ಸಹಿಯ ನೆನಪಾಯಿತು. ಬೆಳಿಗ್ಗೆಯಿಂದ ಬೂಟಿನ ಅಟ್ಟೆಯಲ್ಲಿ ಏನೋ ಕಿರಿಕಿರಿ ಮಾಡುತ್ತಿತ್ತು. ಕಾಲೆತ್ತಿ ನೋಡಿದರೆ ಸ್ಕ್ರೂ, ಓಣಿಯಲ್ಲಿ ಚೆಲ್ಲಿದ್ದರಲ್ಲೇ ಒಂದು. ಅದನ್ನು ಕಿತ್ತು ತೆಗೆದ. ಚಾಕುವಿನ ಮೊನೆಯಿಂದ ಟೈರಿನ ಮೈಮೇಲೆ ಒಂದು ಸಣ್ಣ ಗಾಯ ಮಾಡಿ, ಸ್ಕ್ರೂ ಇಟ್ಟು, ರಬ್ಬರ್ ಸುತ್ತಿಗೆಯಿಂದ ಎರಡೇ ಏಟಿಗೆ ಒಳಗಿಳಿಸಿದ. ಗಾಯದ ಅಂಚನ್ನು ನೆಲಕ್ಕೆ ಉಜ್ಜಿ ಹಳತು ಮಾಡಿದ. ಕೆಲಸ ಅಚ್ಚುಕಟ್ಟಾಗಿತ್ತು. ಅವನ ಕೆಲಸ ಯಾವಾಗಲೂ ಅಚ್ಚುಕಟ್ಟು.

ಒಂದು ಗಂಟೆಗೆ ಕೆಂಪು ಕಂಪನಿ ಟೈರಿನಲ್ಲಿ ಸ್ಕ್ರೂ ಸಿಕ್ಕಿದೆಯೆಂದು ಫೋಟೋ ಸಮೇತ ಹೇಳಿಕೆ ಕೊಟ್ಟಿತು. ಎರಡು ಗಂಟೆಗೆ ಆಸ್ಪತ್ರೆಯಿಂದ ಸುದ್ದಿ ಬಂತು, ಗಿಡ್ಡ ಹೋದ. ಆ ಎರಡು ಸುದ್ದಿಗಳು ಒಂದನ್ನೊಂದು ಸೇರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೆಳಿಗ್ಗೆ ಸ್ಕ್ರೂ ಚೆಲ್ಲಿದವರು ಯಾರೆಂದು ಇಡೀ ಬಯಲಿಗೆ ಗೊತ್ತಿತ್ತು. ಗೂಳಿ ಕೈಗಳಿಗೆ ಬ್ಯಾಂಡೇಜು ಸುತ್ತಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ. ಯಾರೋ ಅವನ ಮುಂದೆ ಆ ಫೋಟೋ ಹಿಡಿದರು. ಅವನು ಎದ್ದು, ಗೋಡೆಗೆ ಒರಗಿಸಿದ್ದ ಟೈರು ಬಿಚ್ಚುವ ಲಿವರನ್ನು ಬ್ಯಾಂಡೇಜಿನ ಕೈಯಲ್ಲೇ ಎತ್ತಿಕೊಂಡು ನಡೆದ. ಹಿಂದೆ ಆರೇಳು ಜನ ಹೊರಟರು.

ಭಾವ ನೀಲಿಯವರ ಡೇರೆಯ ಹಿಂದೆ, ರಿಮ್ಮು ತೊಳೆಯುವ ಕಟ್ಟೆಯ ಹತ್ತಿರ ಒಬ್ಬನೇ ಇದ್ದ. ರಬ್ಬರಿನ ಏಪ್ರನ್, ಮೊಣಕೈವರೆಗೆ ಸೋಪಿನ ನೊರೆ. ಗೂಳಿಯನ್ನು ನೋಡಿ, "ಬಾ ಗೂಳಿ. ಗಿಡ್ಡನ ಸುದ್ದಿ ಕೇಳಿದೆ ಕಣಪ್ಪ, ಎಂಥಾ..." ಎನ್ನುವಷ್ಟರಲ್ಲಿ ಲಿವರಿನ ಮೊದಲ ಏಟು ಭುಜಕ್ಕೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಬಿದ್ದವನನ್ನು ಮಿಕ್ಕವರು ಒದೆಯತೊಡಗಿದರು. ಒಬ್ಬ ನೀರಿನ ಪೈಪಿನಿಂದ ಬೆನ್ನಿಗೆ ಬಾರಿಸಿದ. ಇನ್ನೊಬ್ಬ ರಿಮ್ಮನ್ನೇ ಎತ್ತಿ ಅವನ ಮಂಡಿಯ ಮೇಲೆ ಹಾಕಿದ.

ಗದ್ದಲ ಕೇಳಿ ಮೇಸ್ತ್ರಿ ಓಡಿ ಬಂದ. ಅವನು ಬಂದಾಗ ಭಾವನಿಗೆ ಎರಡು ಕಣ್ಣೂ ಇದ್ದವು. ಇದನ್ನು ಅವನು ಮುಂದೆ ಕೇಳಿದವರಿಗೆಲ್ಲ ತಪ್ಪದೆ ಹೇಳುತ್ತಿದ್ದ.

"ಬಿಡ್ರೋ! ನಮ್ಮ ಭಾವ ಕಣ್ರೋ!" ಎಂದು ಕೂಗಿ ಗೂಳಿಯ ತೋಳಿಗೆ ಜೋತುಬಿದ್ದ.

"ನಿಮ್ಮ ಭಾವನೇ ಕೊಂದಿದ್ದು ಮೇಸ್ತ್ರೀ! ಬೇಕಂತ ಚೆಲ್ಲಿದಾನೆ!" ಎಂದ ಗೂಳಿ.

ಆಗ ಮೇಸ್ತ್ರಿ ಹೇಳಬೇಕಿದ್ದುದು ಮೂರೇ ಮಾತು. ಸ್ಕ್ರೂ ಹೊಡೆದವನು ನಾನು. ಅದು ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ನಿಂತವರ ಕೈಯಲ್ಲಿದ್ದ ಕಬ್ಬಿಣ ನೋಡಿದ, ಬಾಯಿ ಕಟ್ಟಿತು. "ಬಿಡ್ರೋ, ಬಿಡ್ರೋ" ಎಂದಷ್ಟೇ ಮತ್ತೆ ಮತ್ತೆ ಅಂದ. ಗೂಳಿ ಅವನನ್ನು ಒಂದು ಚೀಲದಂತೆ ಆಚೆ ಎಸೆದು, ಲಿವರನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಅದರ ಚಪ್ಪಟೆ ತುದಿ ಭಾವನ ಬಲಗಣ್ಣಿಗೆ ಬಿತ್ತು. ಭಾವ ಕೂಗಲಿಲ್ಲ. ದನ ಉಸಿರು ಬಿಟ್ಟಂಥ ಒಂದು ಸದ್ದು ಬಂತು ಅಷ್ಟೆ. ಕಟ್ಟೆಯ ಮೋರಿಯಲ್ಲಿ ಸೋಪಿನ ನೊರೆ ಕೆಂಪಾಗಿ ಹರಿಯಿತು. ಅದನ್ನು ನೋಡಿದ ಮೇಲೆಯೇ ಜನ ಹಿಂದಕ್ಕೆ ಸರಿದದ್ದು. ಪೊಲೀಸರು ಬಂದು ಗೂಳಿಯ ಕೈಯಿಂದ ಲಿವರ್ ತೆಗೆದುಕೊಳ್ಳಲು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಅಕ್ಕ ಬಸ್ಸನ್ನು ಅರ್ಧ ದಾರಿಯಲ್ಲಿ ಬೇರೆ ಡ್ರೈವರಿಗೆ ಒಪ್ಪಿಸಿ, ಸಮವಸ್ತ್ರದಲ್ಲೇ ಆಸ್ಪತ್ರೆಗೆ ಬಂದಳು. ಸಂಜೆ ಆರಕ್ಕೆ ಡಾಕ್ಟರ್ ಹೊರಬಂದು ಕಣ್ಣು ತೆಗೆದೆವು ಎಂದರು. ಇನ್ನೊಂದು ಕಣ್ಣು ಉಳಿಯುತ್ತದೆ, ಭುಜಕ್ಕೆ ಕಬ್ಬಿಣದ ಪಟ್ಟಿ ಹಾಕಿದ್ದೇವೆ, ಮಂಡಿ ಮೊದಲಿನಂತಾಗುವುದಿಲ್ಲ ಎಂದರು. ಅಕ್ಕ ಎಲ್ಲದಕ್ಕೂ "ಸರಿ" ಎಂದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ.

ಕಾರಿಡಾರಿನ ಬೆಂಚಿನಲ್ಲಿ ತಮ್ಮನ ಪಕ್ಕ ಕೂತು ಹೇಳಿದಳು: "ಇವರು ಸ್ಕ್ರೂನೆಲ್ಲ ಹೆಕ್ಕಿದ್ರಂತೆ ಕಣೋ. ಡಬ್ಬಿಗೆ ಇನ್ನೂರು. ಎಣಿಸಿದ್ರಂತೆ. ಒಂದೇ ಒಂದು ಕಮ್ಮಿ ಬಂತಂತೆ. ಆ ಒಂದಕ್ಕೋಸ್ಕರ ಇನ್ನೊಂದ್ಸಲ ಹೋಗಿ ಹುಡುಕಿದ್ರಂತೆ. ಪ್ರಜ್ಞೆ ಬಂದ ತಕ್ಷಣ ಅದನ್ನೇ ಹೇಳ್ತಿದಾರೆ. 'ನಾನೇ ಆ ಹುಡುಗನ್ನ ಕೊಂದೆ' ಅಂತಿದಾರೆ."

ಮೇಸ್ತ್ರಿ ನೆಲ ನೋಡುತ್ತಿದ್ದ.

"ಅಲ್ಲ ಅಕ್ಕ."

"ಏನು ಅಲ್ಲ?"

"ಭಾವ ಅಲ್ಲ. ಆ ಸ್ಕ್ರೂ ನನ್ನ ಬೂಟಲ್ಲಿತ್ತು. ಟೈರು ಸಿಡಿದ ಮೇಲೆ ನಾನೇ ಹೊಡೆದೆ ಅದನ್ನ."

ಅವನು ಶುಕ್ರವಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ತೊಳೆಯುವ ಕಟ್ಟೆಯ ಹತ್ತಿರ ಬಾಯಿ ಕಟ್ಟಿದ್ದನ್ನೂ ಹೇಳಿದ. ಮುಗಿಯುತ್ತಿದ್ದಂತೆ ಅಕ್ಕ ಅವನ ಕೆನ್ನೆಗೆ ಹೊಡೆದಳು. ಮೂವತ್ತು ವರ್ಷ ಸ್ಟೇರಿಂಗ್ ತಿರುಗಿಸಿದ ಕೈ. ಅವನು ಬೆಂಚಿನಿಂದ ಕೆಳಗೆ ಬಿದ್ದ. ಅವಳು ಕೂದಲು ಹಿಡಿದೆತ್ತಿ ಗೋಡೆಗೆ ಚಚ್ಚಿದಳು, ಒಂದು ಸಲ, ಎರಡು ಸಲ, ಮೂರನೆಯ ಸಲಕ್ಕೆ ಇಬ್ಬರು ನರ್ಸುಗಳು ಬಂದು ಅವಳ ಸೊಂಟ ಹಿಡಿದುಕೊಂಡರು. ಅವನು ಕೈ ಅಡ್ಡ ಹಿಡಿಯಲಿಲ್ಲ.

"ನಾಳೆ ಬೆಳಿಗ್ಗೆ" ಎಂದಳು ಏದುಸಿರು ಬಿಡುತ್ತಾ, "ನಾನೇ ಕರ್ಕೊಂಡು ಹೋಗ್ತೀನಿ. ಎಲ್ರ ಮುಂದೆ ಹೇಳ್ಬೇಕು ನೀನು. ಹೇಳದೆ ಓಡಿಹೋದೆ ಅಂದ್ರೆ, ನನಗೆ ತಮ್ಮ ಅನ್ನೋನು ಹುಟ್ಟೇ ಇಲ್ಲ."

ಬೆಳಿಗ್ಗೆ ಬಯಲಿಗೆ ಹೋದಾಗ ಮೇಸ್ತ್ರಿ ಮೊದಲು ಗೂಳಿಯನ್ನು ನೋಡಬೇಕೆಂದ. ಬಯಲಿನಲ್ಲೇ ಇದ್ದ ಪೊಲೀಸ್ ಕೋಣೆಯಲ್ಲಿ ಅವನನ್ನು ಕೂರಿಸಿದ್ದರು. ಜೊತೆಗೆ ಒಬ್ಬ ಪೇದೆ. ಮೇಸ್ತ್ರಿ ಎದುರಿಗೆ ನಿಂತು ಹೇಳಿದ. ಗೂಳಿ ಎಲ್ಲವನ್ನೂ ಕೇಳಿಸಿಕೊಂಡು, ಬೇಡಿ ಹಾಕಿದ ಕೈಯಲ್ಲೇ ಎದ್ದು, ಹಣೆಯಿಂದ ಮೇಸ್ತ್ರಿಯ ಮುಖಕ್ಕೆ ಗುದ್ದಿದ. ಮೂಗಿನ ಮೂಳೆ ಮುರಿಯಿತು. ಇನ್ನೊಂದು ಗುದ್ದಿಗೆ ಮುಂದಿನ ಹಲ್ಲು ಹೋಯಿತು. ಪೇದೆ ಎಳೆದು ಕೂರಿಸಿದ ಮೇಲೆ ಗೂಳಿ ತನ್ನ ಬ್ಯಾಂಡೇಜಿನ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೋಡುತ್ತಾ ಅಳತೊಡಗಿದ. ಅಷ್ಟು ದೊಡ್ಡ ಮನುಷ್ಯ ಬಿಕ್ಕುತ್ತಿದ್ದರೆ ಕುರ್ಚಿ ಕಿರುಗುಡುತ್ತಿತ್ತು.

"ಆ ಟೈರು ಹಾಕಿದ್ದು ಈ ಕೈ. ಆ ಮನುಷ್ಯನ ಕಣ್ಣು ತೆಗೆದಿದ್ದೂ ಈ ಕೈ. ನೀನೇ ಅಲ್ವೇನೋ ಮಾಡಿಸಿದ್ದು? ನಿನ್ನ ಕೈ ನೋಡು, ಒಂದು ಗೀರಿಲ್ಲ."

ಅಲ್ಲಿಯವರೆಗೆ ಗೂಳಿ ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.

ರೇಸಿಗೆ ಇನ್ನು ಮೂರು ಗಂಟೆ. ಅಧಿಕಾರಿಗಳ ಕೋಣೆಯಲ್ಲಿ ಮೇಸ್ತ್ರಿ ಮೂಗಿಗೆ ಬಟ್ಟೆ ಒತ್ತಿಕೊಂಡು ನಿಂತು ಮತ್ತೊಮ್ಮೆ ಹೇಳಿದ. ಅಕ್ಕ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದಳು. ಡೈರೆಕ್ಟರನ್ನು ಕರೆಸಿದರು. ಅವನು ಅದೇ ಬಿಳಿ ಅಂಗಿಯಲ್ಲಿ ಬಂದು, ಎಲ್ಲವನ್ನೂ ಶಾಂತವಾಗಿ ಕೇಳಿ, ನಕ್ಕ.

"ಸ್ಕ್ರೂ ಇವನೇ ಹೊಡೆದಿರಬಹುದು. ಆದರೆ ಟೈರು ಸಿಡಿದ ಮೇಲೆ ಅಲ್ಲ, ಮೊದಲೇ. ನೀಲಿ ಕಂಪನಿಯ ಮೇಸ್ತ್ರಿ ಇವನಿಗೆ ಏನಾಗ್ಬೇಕು ಅಂತ ಕೇಳಿ. ಸ್ವಂತ ಅಕ್ಕನ ಗಂಡ. ಒಂದೇ ಮನೆ. ಇದಕ್ಕಿಂತ ಹೆಚ್ಚು ಏನು ಹೇಳಲಿ?"

ಕೋಣೆಯಲ್ಲಿ ಪಿಸುಮಾತು ಎದ್ದಿತು. ನಿಜ ಹೇಳಿದರೆ ನಂಬುತ್ತಾರೆ ಎಂದಷ್ಟೇ ಮೇಸ್ತ್ರಿ ಲೆಕ್ಕ ಹಾಕಿದ್ದ. ತಪಾಸಣೆಯ ಮುಖ್ಯಸ್ಥೆ ಬಿಳಿಕೂದಲಿನ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವಳು ಮೇಸ್ತ್ರಿಯತ್ತ ತಿರುಗಿದಳು.

"ನೀನು ಹೇಳೋದಕ್ಕೆ ಸಾಕ್ಷಿ ಏನಿದೆ?"

"ನನ್ನ ಮಾತು ಬಿಡಿ ಮೇಡಂ. ನಮ್ಮ ಡೇರೆಯಲ್ಲಿ ಓಡಿ ಬಂದಿರೋ ಎಡಗಡೆಯ ಹಿಂದಿನ ಟೈರು ಇನ್ನೂ ಹನ್ನೊಂದಿವೆ. ಈಗಲೇ ಕೊಯ್ದು ನೋಡಿ. ಒಳಗೆ ಗೆರೆ ಇರದಿದ್ರೆ ನಾನೇ ಕೊಂದೆ ಅಂತ ಬರ್ಕೊಳ್ಳಿ."

ಡೈರೆಕ್ಟರ್ ನಗುವುದನ್ನು ನಿಲ್ಲಿಸಿದ.

ಹನ್ನೊಂದನ್ನೂ ಕೊಯ್ದರು. ಮುಖ್ಯಸ್ಥೆ ನೆಲದ ಮೇಲೆ ಕೂತು ಒಂದೊಂದರ ಒಳಗೂ ಕನ್ನಡಿ ಹಿಡಿದಳು. ಏಳರಲ್ಲಿ ಗೆರೆ ಇತ್ತು. ಎರಡರಲ್ಲಿ ಅವಳ ಹೆಬ್ಬೆರಳು ಹೊಗುವಷ್ಟು ಸೀಳು. ಅವಳು ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಕೆಂಪು ಟೈರಿನ ಕಾರು ಒಂದೂ ಇವತ್ತು ಹೊರಡಕೂಡದು ಎಂದಳು.

ಸುದ್ದಿ ಧ್ವನಿವರ್ಧಕದಲ್ಲಿ ಬರುತ್ತಿದ್ದಂತೆ ಪ್ರೇಕ್ಷಕರ ಗ್ಯಾಲರಿಗಳಲ್ಲಿ ತುಂಬಿದ್ದ ಜನ ಮೊದಲು ಬಾಟಲಿ ಎಸೆದರು, ಆಮೇಲೆ ಕುರ್ಚಿ. ಗಿಡ್ಡನ ಫೋಟೋ ಹಿಡಿದು ಬಂದವರು ಬೇಲಿ ಕೆಡವಿ ಒಳನುಗ್ಗಿದರು. ಕಾರು ಹತ್ತಿ ಕೂತಿದ್ದ ಡೈರೆಕ್ಟರ್ ಅವರ ಕೈಗೆ ಸಿಕ್ಕ. ಕಿಟಕಿಯ ಗಾಜು ಒಡೆದು, ಕಾಲರ್ ಹಿಡಿದು ಹೊರಗೆಳೆದರು. ಛತ್ರಿಯ ಕೋಲು, ಬೆಲ್ಟಿನ ಬಕಲು, ಚಪ್ಪಲಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಪೊಲೀಸರು ಬಿಡಿಸಿಕೊಂಡು ಹೋಗುವ ಹೊತ್ತಿಗೆ ಅವನ ಒಂದು ತೋಳು ಹಿಂದುಮುಂದಾಗಿ ನೇತಾಡುತ್ತಿತ್ತು, ಬಿಳಿ ಅಂಗಿಯಲ್ಲಿ ಬಿಳಿ ಉಳಿದಿರಲಿಲ್ಲ. ಯಾರೋ ಟೈರಿನ ಡೇರೆಗೆ ಬೆಂಕಿ ಇಟ್ಟರು. ಗಾಳಿ ತುಂಬಿಸಿ ಜೋಡಿಸಿಟ್ಟಿದ್ದ ಟೈರುಗಳು ಕಾದು ಒಂದೊಂದಾಗಿ ಸಿಡಿದವು. ಹಾರಿ ಬಂದ ಒಂದು ರಿಮ್ಮು ಬೆಂಕಿ ಇಟ್ಟವನ ದವಡೆಯನ್ನೇ ಮುರಿಯಿತು. ಕಪ್ಪು ಹೊಗೆ ಬಯಲಿಡೀ ಕವಿಯಿತು. ಅಂದು ರೇಸ್ ನಡೆಯಲೇ ಇಲ್ಲ.

ಮೇಸ್ತ್ರಿ ಅದನ್ನೆಲ್ಲ ಪೊಲೀಸ್ ವ್ಯಾನಿನ ಜಾಲರಿಯ ಹಿಂದಿನಿಂದ ನೋಡಿದ. ಪಕ್ಕದಲ್ಲಿ ಗೂಳಿ ಇದ್ದ.

ಡೈರೆಕ್ಟರನ ಜೇಬಿನಲ್ಲೇ ನಾಲ್ಕಾಗಿ ಮಡಿಸಿದ ಆ ಮೊದಲ ಹಾಳೆ ಸಿಕ್ಕಿತು. ಅವನಿಗೆ ಆರು ವರ್ಷ ಜೈಲಾಯಿತು. ಗೂಳಿಗೆ ಮೂರು. ಸಾಕ್ಷ್ಯ ಕೆಡಿಸಿದ್ದಕ್ಕೆ ಮೇಸ್ತ್ರಿಗೆ ಒಂದೂವರೆ. ಕೆಂಪು ಕಂಪನಿ ರೇಸ್ ಬಿಟ್ಟು ಟ್ರ್ಯಾಕ್ಟರ್ ಟೈರು ಮಾಡತೊಡಗಿತು. ಮುಂದಿನ ವರ್ಷ ಎಲ್ಲ ಕಾರುಗಳಿಗೂ ನೀಲಿಯವರದೇ ಟೈರು. ಒಂದು ಕಣ್ಣಿನವರನ್ನು ಓಣಿಗೆ ಬಿಡುವ ನಿಯಮವಿರಲಿಲ್ಲವಾದ್ದರಿಂದ ಭಾವನನ್ನು ಗೋದಾಮಿಗೆ ಹಾಕಿದರು.

ಮೇಸ್ತ್ರಿ ಹೊರಗೆ ಬಂದಾಗ ಮೇಲಿನ ಮಹಡಿಯ ಮನೆ ಬೇರೆಯವರ ಪಾಲಾಗಿತ್ತು. ಊರಾಚೆಯ ಹೆದ್ದಾರಿ ಪಕ್ಕದ ಲಾರಿ ಟೈರಿನ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ. ಅಕ್ಕ ಜೈಲಿಗೆ ಒಂದು ಸಲವೂ ಬಂದಿರಲಿಲ್ಲ. ಇವನೂ ಬಾಗಿಲು ತಟ್ಟಲು ಹೋಗಲಿಲ್ಲ. ಹೀಗೇ ಎಂಟು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಸಿಟಿ ಬಸ್ಸೊಂದು ಕುಂಟುತ್ತಾ ಬಂದು ಅಂಗಡಿಯ ಮುಂದೆ ನಿಂತಿತು. ಡ್ರೈವರ್ ಸೀಟಿನಿಂದ ಅಕ್ಕ ಇಳಿದಳು. ಕೂದಲು ಪೂರ್ತಿ ನರೆತಿತ್ತು.

"ಮುಂದಿನದು ಪಂಕ್ಚರ್. ಬೇಗ ಹಾಕು, ಜನ ಇದಾರೆ" ಎಂದಳು, ಗುರುತೇ ಇಲ್ಲದವಳಂತೆ.

ಅವನು ಟೈರು ಬಿಚ್ಚಿ, ತೇಪೆ ಹಾಕಿ, ಒಳಗೆಲ್ಲ ಕೈಯಾಡಿಸಿ ನೋಡಿ, ಮತ್ತೆ ಕೂರಿಸಿದ. ಅವಳು ಎದೆಯ ಮೇಲೆ ಕೈಕಟ್ಟಿ ನಿಂತು ನೋಡುತ್ತಿದ್ದಳು. ಅವನು ಎದ್ದ ಮೇಲೆ ಬಾಗಿ ಪ್ರತಿಯೊಂದು ನಟ್ಟನ್ನೂ ತಾನೇ ತಿರುಗಿಸಿ ನೋಡಿದಳು. ಬಸ್ಸು ಹತ್ತುತ್ತಾ, ಈ ಕಡೆ ತಿರುಗದೆ ಹೇಳಿದಳು:

"ಭಾನುವಾರ ಮನೆಗೆ ಬಾ. ಅವರು ಕರೆದಿಲ್ಲ. ನಾನು ಕರೀತಿದೀನಿ."

ಭಾನುವಾರ ಹೋದ. ಬಾಗಿಲು ತೆಗೆದವನು ಭಾವನೇ. ಕೋಲು ಊರಿದ್ದ, ಬಲಗಣ್ಣಿನ ಜಾಗದಲ್ಲಿ ಗಾಜಿನ ಕಣ್ಣು. ನೋಡಿ, ಬಾಗಿಲು ತೆರೆದೇ ಬಿಟ್ಟು ಒಳಗೆ ನಡೆದ. ಅಕ್ಕ ಬಡಿಸಿದಳು. ಮೇಸ್ತ್ರಿ ಊಟದ ಮೇಜಿನಲ್ಲಿ ಭಾವನ ಬಲಗಡೆ ಕೂತು ತಲೆ ತಗ್ಗಿಸಿ ಉಣ್ಣತೊಡಗಿದ. ಮುಂದಿನ ಹಲ್ಲಿಲ್ಲದ ಸಂದಿನಲ್ಲಿ ಅನ್ನ ಸಿಕ್ಕಿಕೊಳ್ಳುತ್ತಿತ್ತು.

"ಗೂಳಿಗೆ ಶಿಕ್ಷೆ ಕಮ್ಮಿ ಮಾಡಿದಾರೆ, ಮುಂದಿನ ತಿಂಗಳು ಬರ್ತಾನೆ" ಎಂದ ಭಾವ ಹೆಂಡತಿಗೆ. "ಗೋದಾಮಲ್ಲಿ ಒಂದು ಕೆಲಸ ಕೇಳಿದೀನಿ ಅವನಿಗೆ."

ಮೇಸ್ತ್ರಿಯ ಕೈ ತಟ್ಟೆಯಲ್ಲೇ ನಿಂತಿತು. "ನೀವು ಅವನನ್ನ ನೋಡೋಕೆ ಹೋಗ್ತಿದ್ರಾ ಭಾವ?"

"ತಿಂಗಳಿಗೊಂದು ಸಲ. ಅವನು ಸಿಟ್ಟಲ್ಲಿ ಹೊಡೆದ ಕಣೋ, ಕಣ್ಣೆದುರಿಗೆ ನಿಂತು ಹೊಡೆದ. ನನಗೆ ಅದು ಅರ್ಥ ಆಗುತ್ತೆ." ಭಾವ ನೀರು ಕುಡಿದು ಲೋಟ ಕೆಳಗಿಟ್ಟ. "ನಿನ್ನದು ಇನ್ನೂ ಅರ್ಥ ಆಗಿಲ್ಲ. ಆಗುತ್ತೋ ಇಲ್ವೋ, ಅದೂ ಗೊತ್ತಿಲ್ಲ."

"ಹೌದು ಭಾವ" ಎಂದ ಮೇಸ್ತ್ರಿ.

ಅಕ್ಕ ಇನ್ನೊಂದು ಸೌಟು ಅನ್ನ ತಂದು ತಮ್ಮನ ತಟ್ಟೆಗೆ ಹಾಕಿದಳು. ಭಾವ ಕತ್ತು ಪೂರ್ತಿ ಹೊರಳಿಸಿ ಅವನತ್ತ ನೋಡಿದ.

"ತಟ್ಟೆ ಎತ್ಕೊಂಡು ಈ ಕಡೆ ಬಂದು ಕೂತ್ಕೋ" ಎಂದ. "ಆ ಕಡೆ ಕೂತ್ರೆ ನೀನು ಇದೀಯೋ ಇಲ್ವೋ, ನನಗೆ ಕಾಣಲ್ಲ."

ಮೇಸ್ತ್ರಿ ತಟ್ಟೆ ಎತ್ತಿಕೊಂಡು ಎಡಗಡೆಗೆ ಹೋಗಿ ಕೂತ.